ಉಡುಪಿನ ಉನ್ನತಿ ಯಾರ ಉನ್ನತಿ?

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೊಟ್ಟೆಗೆ ಏನು ಬೇಕೆಂಬುದು ಅವರವರಿಗೆ ಬಿಟ್ಟ ಮಾತು. ಆದರೆ ಉಡುವ ಬಟ್ಟೆ ನಾಲ್ಕು ಜನರ ಕಣ್ಣಿಗೆ ಬೀಳುವಂಥದು, ಆದುದರಿಂದ ಅಲ್ಲಿ ನಾಲ್ಕು ಜನರ ಮಾತೂ ನಡೆಯುತ್ತದೆ. ಮನುಷ್ಯ ಬಟ್ಟೆಯಿಂದ ಮೈಯನ್ನು ಮುಚ್ಚಿಕೊಳ್ಳುತ್ತಾನೆ. ಅದೇ ಬಟ್ಟೆಯಿಂದ ತನ್ನ ಅಂತಸ್ತನ್ನು ತೆರೆದು ತೋರಿಸುತ್ತಾನೆ. ಈ ಎರಡನೆಯ ಕೆಲಸಕ್ಕೆ ನಾವು ತೆರುವ ಹಣ ಎಷ್ಟೋ ಸಲ ಮೊದಲನೆಯದಕ್ಕೆ ತೆರುವುದಕ್ಕಿಂತ ಹೆಚ್ಚು.

ಹೀಗಿರುವಾಗ, ಬಹುಕಾಲ ಎಲ್ಲರ ಕೈಗೆಟಕುವ ಬೆಲೆಯಲ್ಲಿ ಬಟ್ಟೆ ಮಾರಿಕೊಂಡು ಬಂದ ಕಂಪನಿಯೊಂದು, 'ಇನ್ನು ನನ್ನನ್ನು ಸಾಮಾನ್ಯರ ಅಂಗಡಿ ಎನ್ನಬೇಡಿ, ಪ್ಯಾರಿಸಿನ ಶ್ರೇಷ್ಠರ ಪಂಕ್ತಿಯಲ್ಲಿ ನನಗೂ ಒಂದು ಎಲೆ ಹಾಕಿ' ಎಂದು ಹೊರಟರೆ ಅದನ್ನು ನಾವು ಹೇಗೆ ಕಾಣಬೇಕು? ವ್ಯಾಪಾರಿಗಳಿಗೆ ಇದು ಲಾಭನಷ್ಟದ ಪ್ರಶ್ನೆ. ಊರು ಬಿಟ್ಟು ಬಂದು ಒಂದೊಂದೇ ಮೆಟ್ಟಿಲು ಹತ್ತಿದ ನಮ್ಮಂಥ ಕುಟುಂಬಗಳಿಗೆ ಇದು ನೀತಿಯ ಪ್ರಶ್ನೆಯೂ ಹೌದು. ಮೇಲೇರುವುದು ಎಂದರೇನು? ಬರಿಯ ವೇಷ ಬದಲಾದರೆ ಸಾಕೆ?

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ನಿಜವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಮ್ಮ ಮಕ್ಕಳ ಬಾಯಲ್ಲಿ ದಿನವೂ ಕೇಳುವ 'ಎಚ್ ಅಂಡ್ ಎಂ' ಕಂಪನಿ ಹುಟ್ಟಿದ್ದು 1947ರಲ್ಲಿ, ಸ್ವೀಡನ್ ದೇಶದ ವೆಸ್ಟೆರೋಸ್ ಎಂಬ ಊರಿನಲ್ಲಿ. ಎರ್ಲಿಂಗ್ ಪೆರ್ಸನ್ ಎಂಬಾತ ಅಮೆರಿಕದಲ್ಲಿ ಕಡಿಮೆ ಲಾಭಕ್ಕೆ ಹೆಚ್ಚು ಸರಕು ಮಾರುವ ಅಂಗಡಿಗಳನ್ನು ನೋಡಿ ಬಂದು, ಹೆಂಗಸರ ಬಟ್ಟೆಯ ಅಂಗಡಿಯೊಂದನ್ನು ತೆರೆದ. ಅದಕ್ಕೆ 'ಹೆನ್ನೆಸ್' ಎಂದು ಹೆಸರಿಟ್ಟ. ಸ್ವೀಡಿಷ್ ಭಾಷೆಯಲ್ಲಿ ಹಾಗೆಂದರೆ 'ಅವಳದು'. 1968ರಲ್ಲಿ ಸ್ಟಾಕ್‌ಹೋಮಿನ 'ಮೌರಿಟ್ಸ್ ವಿಡ್‌ಫೋರ್ಸ್' ಎಂಬ ಬೇಟೆ ಸಾಮಾನಿನ ಅಂಗಡಿಯನ್ನು ಕೊಂಡಾಗ ಅದರ ಹೆಸರೂ ಸೇರಿಕೊಂಡು ಎರಡಕ್ಷರದ ಇಂದಿನ ಹೆಸರು ಬಂತು. ಸಂಬಳದ ಹೆಣ್ಣುಮಗಳಿಗೂ ಹೊಸ ಮಾದರಿಯ ಬಟ್ಟೆ ಸಿಗಬೇಕೆಂಬುದು ಈ ಅಂಗಡಿಯ ಮೂಲ ಬಂಡವಾಳ. ಅದರಲ್ಲಿ ನಾಚಿಕೊಳ್ಳುವಂಥದೇನೂ ಇರಲಿಲ್ಲ.

2004ರ ನವೆಂಬರಿನಲ್ಲಿ ಈ ಕಂಪನಿ ಹೊಸ ದಾರಿ ಹಿಡಿಯಿತು. ಪ್ಯಾರಿಸಿನ ಶನೆಲ್ ಸಂಸ್ಥೆಯ ಮುಖ್ಯ ವಿನ್ಯಾಸಕಾರ ಕಾರ್ಲ್ ಲಾಗರ್‌ಫೆಲ್ಡ್‌ನಿಂದ ಬಟ್ಟೆಗಳನ್ನು ರೂಪಿಸಿಕೊಂಡು ತನ್ನ ಅಂಗಡಿಗಳಲ್ಲಿ ಮಾರಿತು. ಅನೇಕ ಕಡೆ ಕೆಲವೇ ಗಂಟೆಗಳಲ್ಲಿ ಎಲ್ಲವೂ ಖಾಲಿಯಾಯಿತು. ಬಳಿಕ ಸ್ಟೆಲ್ಲಾ ಮ್ಯಾಕಾರ್ಟ್ನಿ, ಮಾರ್ಜೆಲಾ, ಬಾಲ್ಮೇನ್ ಹೀಗೆ ದೊಡ್ಡ ಹೆಸರುಗಳ ಸಾಲೇ ಬಂತು. 2025ರ ಸೆಪ್ಟೆಂಬರಿನಲ್ಲಿ ಲಂಡನ್ ಫ್ಯಾಷನ್ ವಾರದ ವೇದಿಕೆಯ ಮೇಲೂ ಕಂಪನಿ ತನ್ನ ಉಡುಪುಗಳನ್ನು ಮೆರೆಸಿತು.

ಇದನ್ನು ಕೇಳಿದೊಡನೆ ನಮ್ಮ ನಾಲಗೆಯ ತುದಿಗೆ ಬರುವ ಗಾದೆ: 'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ.' ನಕ್ಕು ಮುಗಿಸಿಬಿಡುವುದು ಸುಲಭ. ಆದರೆ ಈ ಗಾದೆಯನ್ನು ಹೆಚ್ಚಾಗಿ ಬಳಸುವವರು ಯಾರು ಎಂಬುದನ್ನು ಸ್ವಲ್ಪ ಯೋಚಿಸಬೇಕು. ಹಿಂದಿನಿಂದಲೂ ಕೊಡೆ ಹಿಡಿಸಿಕೊಂಡೇ ಬಂದವರಿಗೆ ಇನ್ನೊಬ್ಬನ ಕೈಯಲ್ಲಿ ಕೊಡೆ ಕಂಡರೆ ನಗು ಬರುತ್ತದೆ. ಮುಂಬಯಿಗೆ ಬಂದ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಮುಂದೆ ಗುಮಾಸ್ತರೂ ವಕೀಲರೂ ಆದರು. ಮೊದಲ ಸಲ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಊರಿಗೆ ಹೋದಾಗ ಅವರನ್ನು ನೋಡಿಯೂ ಜಗಲಿಯ ಮೇಲೆ ಕುಳಿತ ಯಾರೋ ಇದೇ ಗಾದೆ ಹೇಳಿದ್ದಿರಬೇಕು. ಹಾಗಾದರೆ ಅವರು ಮೇಲೇರಿದ್ದು ತಪ್ಪೆ?

ಅಷ್ಟೇ ಅಲ್ಲ, ಉನ್ನತ ಫ್ಯಾಷನ್ ಎಂಬುದೂ ಆಕಾಶದಿಂದ ಇಳಿದು ಬಂದುದಲ್ಲ. 1858ರಲ್ಲಿ ಪ್ಯಾರಿಸಿನಲ್ಲಿ ತನ್ನ ಹೊಲಿಗೆಮನೆಯನ್ನು ತೆರೆದು ಈ ಪರಂಪರೆಗೆ ಮೂಲಪುರುಷನೆನಿಸಿದ ಚಾರ್ಲ್ಸ್ ಫ್ರೆಡರಿಕ್ ವರ್ತ್, ಇಂಗ್ಲೆಂಡಿನಲ್ಲಿ ಬಟ್ಟೆ ಅಂಗಡಿಯ ಆಳಾಗಿ ದುಡಿದವನು. 1883ರಲ್ಲಿ ಬಡವರ ಆಸ್ಪತ್ರೆಯಲ್ಲಿ ಹುಟ್ಟಿದ ಗಾಬ್ರಿಯೆಲ್ ಶನೆಲ್ ತಾಯಿ ಸತ್ತ ಮೇಲೆ ಅನಾಥಾಲಯದಲ್ಲಿ ಬೆಳೆದವಳು. ಗಂಡಸರ ಒಳ ಉಡುಪಿಗೆ ಬಳಸುತ್ತಿದ್ದ ಜೆರ್ಸಿ ಬಟ್ಟೆಯಿಂದ ಸಿರಿವಂತ ಹೆಂಗಸರ ಉಡುಪನ್ನು ಹೊಲಿದವಳು. ಇವರಿಬ್ಬರೂ ಕೆಳಗಿನಿಂದಲೇ ಬಂದವರು. ಆದುದರಿಂದ 'ನಿನ್ನ ಹುಟ್ಟು ಸಣ್ಣದು, ನಿನಗೇಕೆ ದೊಡ್ಡ ಪಂಕ್ತಿ?' ಎಂಬ ಆಕ್ಷೇಪಣೆ ವ್ಯಕ್ತಿಗೆ ಸಲ್ಲದಂತೆ ಕಂಪನಿಗೂ ಸಲ್ಲುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಪಂಕ್ತಿಯ ಹಿರಿಮೆ ಯಾವುದರ ಮೇಲೆ ನಿಂತಿತ್ತು? ಫ್ರಾನ್ಸಿನಲ್ಲಿ 'ಓತ್ ಕುತೂರ್' ಎಂಬ ಪದಕ್ಕೆ 1945ರಿಂದ ಕಾನೂನಿನ ರಕ್ಷಣೆಯಿದೆ. ಆ ಹೆಸರು ಹೇಳಿಕೊಳ್ಳಬೇಕಾದರೆ ಪ್ಯಾರಿಸಿನಲ್ಲಿ ಸ್ವಂತ ಹೊಲಿಗೆಮನೆ ಇರಬೇಕು, ಅಲ್ಲಿ ನಿಗದಿಯಾದಷ್ಟು ಮಂದಿ ಕೆಲಸಗಾರರಿರಬೇಕು, ಉಡುವವರ ಅಳತೆ ತೆಗೆದು ಹೊಲಿಯಬೇಕು. ಸಿರಿವಂತರ ಷೋಕಿ ಅದರಲ್ಲಿ ಎಷ್ಟೇ ಇರಲಿ, ಹಿರಿಮೆಯ ಅಳತೆಗೋಲು ಮಾತ್ರ ಕೈಕೆಲಸವಾಗಿತ್ತು. ನಮ್ಮ ಇಳಕಲ್ ಸೀರೆಯ ಮಾತೂ ಇದೇ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ನೇಕಾರರ ಮನೆಯಲ್ಲಿ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅದರ ಬೆಲೆಯಲ್ಲಿ ಆ ಎಳೆಗಳ ಲೆಕ್ಕವಿದೆ.

ಹಾಗೆಂದು ದೊಡ್ಡ ಹೆಸರಿನವರೆಲ್ಲ ಈ ಲೆಕ್ಕವನ್ನು ಉಳಿಸಿಕೊಂಡಿದ್ದಾರೆಂದು ತಿಳಿಯಬಾರದು. 2024ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನ್ಯಾಯಾಲಯವು ಡಿಯೋರ್ ಸಂಸ್ಥೆಗೆ ಸೇರಿದ ಒಂದು ತಯಾರಿಕಾ ಘಟಕವನ್ನು ಕೆಲಕಾಲ ನ್ಯಾಯಾಲಯದ ಉಸ್ತುವಾರಿಗೆ ಒಪ್ಪಿಸಿತು. ಒಳಗುತ್ತಿಗೆದಾರರು ಕೆಲಸಗಾರರನ್ನು ದುಡಿಸಿಕೊಂಡ ರೀತಿ ಅದಕ್ಕೆ ಕಾರಣ. ಅಂಗಡಿಯಲ್ಲಿ 2,600 ಯೂರೋಗಳಿಗೆ ಮಾರುವ ಕೈಚೀಲವೊಂದಕ್ಕೆ ಗುತ್ತಿಗೆದಾರನಿಗೆ ಸಿಗುತ್ತಿದ್ದುದು 53 ಯೂರೋ ಎಂಬ ಅಂಶ ಆ ಪ್ರಕರಣದ ಕಾಗದಪತ್ರಗಳಲ್ಲಿತ್ತು. ಮೇಲೆ ಥಳಕು, ಒಳಗೆ ಹುಳುಕು! ಅಂದರೆ ದುಬಾರಿ ಬೆಲೆಯೂ ಹಿರಿಮೆಗೆ ಸಾಕ್ಷಿಯಲ್ಲ.

ಹೀಗಿರಲು, ಸಾಮಾನ್ಯರ ಅಂಗಡಿ ದೊಡ್ಡವರಿಂದ ಏನನ್ನು ಕಲಿಯುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಅವರ ಕೈಕೆಲಸವನ್ನೋ, ಅವರ ಥಳಕನ್ನೋ? 2004ರ ಮಾರಾಟದ ನಂತರ ಸ್ವತಃ ಲಾಗರ್‌ಫೆಲ್ಡ್ ಅಸಮಾಧಾನಗೊಂಡಿದ್ದ. ಎಲ್ಲರಿಗೂ ಎಂದು ಮಾಡಿದ ಉಡುಪುಗಳನ್ನು ಅಷ್ಟು ಕಡಿಮೆ ಸಂಖ್ಯೆಯಲ್ಲಿ ಹೊಲಿಸಿದ್ದು ಅವನಿಗೆ ಹಿಡಿಸಲಿಲ್ಲ. ಕೈಯಿಂದ ನೇಯ್ದ ವಸ್ತು ವಿರಳವಾಗುವುದು ಸಹಜ, ಏಕೆಂದರೆ ಕೈಗಳು ಎರಡೇ. ಯಂತ್ರದಿಂದ ಲಕ್ಷಗಟ್ಟಲೆ ಹೊಲಿಸಬಲ್ಲವರು ಬೇಕೆಂದೇ ಕಡಿಮೆ ಹೊಲಿಸಿದರೆ ಅದು ವಿರಳತೆಯ ವೇಷ ಮಾತ್ರ.

ನಮ್ಮ ದೇಶದಲ್ಲಿಯೂ ಇಂಥ ಪ್ರಸಂಗ ನಡೆಯಿತು. 2015ರಲ್ಲಿ ದಿಲ್ಲಿಯಲ್ಲಿ ಮೊದಲ ಅಂಗಡಿ ತೆರೆದ ಈ ಕಂಪನಿ, 2021ರ ಆಗಸ್ಟಿನಲ್ಲಿ ಕೋಲ್ಕತ್ತದ ಹೆಸರಾಂತ ವಿನ್ಯಾಸಕಾರ ಸಬ್ಯಸಾಚಿ ಮುಖರ್ಜಿಯವರೊಡನೆ ಸೇರಿ ಉಡುಪುಗಳನ್ನು ಹೊರತಂದಿತು. ಅದರಲ್ಲಿ 9,999 ರೂಪಾಯಿಯ ಒಂದು ಸೀರೆಯೂ ಇತ್ತು. ಅಂತರ್ಜಾಲದಲ್ಲಿ ನಿಮಿಷಗಳಲ್ಲಿಯೇ ಎಲ್ಲವೂ ಮಾರಾಟವಾಯಿತು. ಆಗ ಕರಕುಶಲ ಕಲೆಗಳಿಗಾಗಿ ದುಡಿಯುವ ಹಲವು ಸಂಸ್ಥೆಗಳು ಬಹಿರಂಗ ಪತ್ರ ಬರೆದವು. ಭಾರತದ ಕುಶಲಕರ್ಮಿಗಳ ಚಿತ್ತಾರದ ಸೊಗಸು ಬಟ್ಟೆಯ ಮೇಲಿದೆ, ಆದರೆ ಅದನ್ನು ಅಚ್ಚು ಹಾಕಿದ್ದು ಯಂತ್ರ, ಕುಶಲಕರ್ಮಿಗೆ ಅದರಿಂದ ಕೂಲಿ ಹುಟ್ಟಲಿಲ್ಲ ಎಂಬುದು ಅವರ ಅಳಲು. ಭಾರತೀಯ ವಿನ್ಯಾಸಕ್ಕೆ ಜಗತ್ತಿನಲ್ಲಿ ಸ್ಥಾನ ದೊರಕಿಸುವುದೇ ಉದ್ದೇಶವಾಗಿತ್ತೆಂದು ವಿನ್ಯಾಸಕಾರರು ಉತ್ತರಿಸಿದರು. ಆ ಉತ್ತರದಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಸ್ಥಾನ ಸಿಕ್ಕಿದ್ದು ಚಿತ್ತಾರಕ್ಕೆ, ಚಿತ್ತಾರ ಬಿಡಿಸಿದ ಮನೆತನಗಳಿಗಲ್ಲ.

ಇನ್ನೂ ಹತ್ತಿರದ ಮಾತು ಶ್ರೀರಂಗಪಟ್ಟಣದ್ದು. ಅಲ್ಲಿ ಬಹುಪಾಲು ಇದೇ ಕಂಪನಿಗಾಗಿ ಹೊಲಿಯುತ್ತಿದ್ದ ಗಾರ್ಮೆಂಟ್ಸ್ ಕಾರ್ಖಾನೆಯೊಂದು 2020ರ ಜೂನಿನಲ್ಲಿ ಬಾಗಿಲು ಹಾಕಿತು. ಸುಮಾರು 1,200 ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕರೋನಾ ಕಾಲದಲ್ಲಿ ಬೇಡಿಕೆ ಕುಸಿಯಿತೆಂದು ಕಾರ್ಖಾನೆಯವರು ಹೇಳಿದರು. ಸಂಘ ಕಟ್ಟಿದ್ದಕ್ಕೆ ಈ ಶಿಕ್ಷೆ ಎಂದು ಕೆಲಸಗಾರರು ವಾರಗಟ್ಟಲೆ ಧರಣಿ ಕುಳಿತರು. ಕೊನೆಗೆ 2021ರ ಫೆಬ್ರವರಿಯಲ್ಲಿ ಮರುನೇಮಕದ ಬಗ್ಗೆ ಒಪ್ಪಂದವಾಯಿತು. ಇದಕ್ಕೂ ಮೊದಲು, 2013ರಲ್ಲಿ, ಜೀವನಕ್ಕೆ ಸಾಲುವ ಕೂಲಿಯ ವ್ಯವಸ್ಥೆಯನ್ನು 2018ರೊಳಗೆ ಸುಮಾರು 8,50,000 ಕಾರ್ಮಿಕರಿಗೆ ತಲುಪಿಸುವುದಾಗಿ ಕಂಪನಿ ಸಾರಿತ್ತು. ಗುರಿ ಮುಟ್ಟಿದೆವೆಂದು ಕಂಪನಿ ಹೇಳಿಕೊಂಡಿತು. ಕೂಲಿ ಕೈಗೆ ಬಂದಿಲ್ಲವೆಂದು ಕಾರ್ಮಿಕಪರ ಸಂಘಟನೆಗಳು ವಾದಿಸಿದವು. 'ಅವಳದು' ಎಂಬ ಹೆಸರಿನಿಂದ ಹೊರಟ ಅಂಗಡಿಯಲ್ಲಿ, ಮಿಷನ್ನಿನ ಮುಂದೆ ಕುಳಿತ ಮಂಡ್ಯ ಸೀಮೆಯ ಹೆಂಗಸಿನದು ಎಂಬುದು ಎಷ್ಟು ಪಾಲು?

ಇದಕ್ಕೆ ಎದುರು ಮಾತುಗಳಿಲ್ಲದಿಲ್ಲ. ಅಗ್ಗದ ಬಟ್ಟೆ ನಾಲ್ಕು ಒಗೆತಕ್ಕೆ ಹಾಳಾಗುತ್ತದೆ. ಬೆಲೆ ಏರಿಸಿ ಗಟ್ಟಿ ಬಟ್ಟೆ ಕೊಟ್ಟರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ಖಂಡಿತ ಒಳ್ಳೆಯದು. ಅಜ್ಜಿಯ ಸೀರೆ ಮೊಮ್ಮಗಳ ತೊಟ್ಟಿಲಿಗೆ ಬರುವಷ್ಟು ಬಾಳಿದ ಮನೆಗಳು ನಮ್ಮವು. ಇನ್ನೊಂದು ಮಾತು: ಪ್ಯಾರಿಸಿನ ಉಡುಪನ್ನು ಕನಸಿನಲ್ಲಿಯೂ ಕೊಳ್ಳಲಾರದ ಹುಡುಗಿಗೆ ಅದರ ಒಂದು ತುಣುಕಾದರೂ ದಕ್ಕುವುದು ಸಣ್ಣ ಸಂತೋಷವೆ? ಆ ಸಂತೋಷವನ್ನು ಹಳಿಯುವ ಹಕ್ಕು ನಮಗಿಲ್ಲ. ಚೆಂದ ಕಾಣಬೇಕೆಂಬ ಆಸೆ ಬಡವರಿಗೆ ನಿಷಿದ್ಧವೇನಲ್ಲ. ಆದರೆ ಈ ಎರಡು ಮಾತುಗಳೂ ನಿಜವಾಗಬೇಕಾದರೆ ಏರಿದ ಬೆಲೆ ನೂಲಿಗೂ ಹೊಲಿಗೆಗೂ ಹೊಲಿದವರಿಗೂ ಮುಟ್ಟಬೇಕು. ಛಾಯಾಚಿತ್ರಕ್ಕೆ, ವೇದಿಕೆಯ ದೀಪಕ್ಕೆ, ಹೆಸರಿನ ಬಾಡಿಗೆಗೆ ಮಾತ್ರ ಮುಟ್ಟಿದರೆ ಏರಿದ್ದು ಬೆಲೆಯೇ ಹೊರತು ಬಟ್ಟೆಯಲ್ಲ.

ಮುಂಬಯಿಯಲ್ಲಿ ಇರುವವರಿಗೆ ಇದು ಹೆಚ್ಚು ಅರ್ಥವಾಗಬೇಕು. ಲೋವರ್ ಪರೇಲಿನಲ್ಲಿ ಫೀನಿಕ್ಸ್ ಮಿಲ್ಲು ಇದ್ದ ನೆಲದ ಮೇಲೆ ಇಂದು ಥಳಥಳಿಸುವ ಮಾಲ್ ನಿಂತಿದೆ. ಒಂದು ಕಾಲಕ್ಕೆ ಅಲ್ಲಿ ಪಾಳಿ ಮುಗಿದಾಗ ಬಟ್ಟೆ ಮಾಡಿದವರ ಮುಖಗಳೇ ರಸ್ತೆಗೆ ಬರುತ್ತಿದ್ದುವು. 1982ರ ಮುಷ್ಕರದ ತರುವಾಯ ಒಂದೊಂದಾಗಿ ಮಿಲ್ಲುಗಳು ಮುಚ್ಚಿದುವು. ಈಗ ಅಲ್ಲಿ ಬಟ್ಟೆ ಕೊಳ್ಳುವವರು ಮಾತ್ರ ಕಾಣುತ್ತಾರೆ. ಮಾಡುವವರು ಕಣ್ಣಿಗೆ ಬೀಳದ ಕಡೆ ಮಾಡಿದವರ ಪಾಲನ್ನು ಮರೆಯುವುದು ಬಹಳ ಸುಲಭ.

ಮರೆವು ಕಂಪನಿಗಳ ಸೊತ್ತು ಮಾತ್ರವೂ ಅಲ್ಲ. ರಾತ್ರಿಶಾಲೆಯಿಂದ ಮೇಲೆ ಬಂದ ಕುಟುಂಬವೊಂದು, ಮನೆಗೆಲಸದವಳ ಹಬ್ಬದ ರಜೆಗೆ ಸಂಬಳ ಹಿಡಿಯುವುದನ್ನೂ, ಮಗಳ ಮದುವೆಯ ಸೀರೆಗೆ ಚೌಕಾಸಿಯಿಲ್ಲದೆ ಹಣ ಸುರಿದು ಸೆರಗಿಗೆ ಕುಚ್ಚು ಕಟ್ಟಿದವಳ ಹತ್ತಿರ ಹತ್ತು ರೂಪಾಯಿಗೆ ವಾದಿಸುವುದನ್ನೂ ನಾವು ಕಾಣುತ್ತೇವೆ. ಅವರ ಏಳಿಗೆ ಸುಳ್ಳೆಂದಲ್ಲ. ಅದು ಅರ್ಧ ದಾರಿಯಲ್ಲಿ ನಿಂತಿದೆ.

ಸೀರೆ ಅಂಗಡಿಯಲ್ಲಿ ನಮ್ಮ ತಾಯಂದಿರು ಸೆರಗಿನ ಸೊಗಸನ್ನು ನೋಡಿದ ಮೇಲೆ ಅದನ್ನು ಮಗುಚಿ ಹಿಂಬದಿಯನ್ನೂ ನೋಡುತ್ತಿದ್ದರು. ಎಳೆ ಬಿಟ್ಟಿದೆಯೆ, ಗಂಟು ಗಟ್ಟಿಯಿದೆಯೆ ಎಂದು ಬೆರಳಾಡಿಸುತ್ತಿದ್ದರು. ಮೇಲೇರಿದೆವೆನ್ನುವ ಯಾರನ್ನೇ ಆಗಲಿ, ಕಂಪನಿಯಾಗಲಿ ಕುಟುಂಬವಾಗಲಿ, ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಕ್ರಮ ನನಗೆ ತಿಳಿಯದು. ಮೇಲೇರಲು ಎಲ್ಲರಿಗೂ ಹಕ್ಕುಂಟು. ಏರುವಾಗ ಯಾರ ಹೆಗಲ ಮೇಲೆ ಕಾಲಿಟ್ಟೆವೋ ಅವರಿಗೆ ಅದರಿಂದ ಏನು ಸಂದಿತು ಎಂದು ಲೆಕ್ಕ ಕೊಡುವ ಹೊಣೆಯೂ ಆ ಹಕ್ಕಿನ ಜೊತೆಗೇ ಬರುತ್ತದೆ. ಮುಂದಿನ ಹಬ್ಬಕ್ಕೆ ಬಟ್ಟೆ ತರಲು ಮಕ್ಕಳೊಡನೆ ಹೋದಾಗ, ಬೆಲೆಚೀಟಿಯನ್ನು ಓದಿದ ಮೇಲೆ ಬಟ್ಟೆಯನ್ನು ಒಮ್ಮೆ ಮಗುಚಿ ನೋಡಲು ಅವರಿಗೂ ಕಲಿಸೋಣ.