ಸುಳ್ಳು ಅಪವಾದ ಬಂದಾಗ ಶಾಂತಿ



ಮನೆಗೆ ಕಳ್ಳ ನುಗ್ಗಿದರೆ ಹೋಗುವುದು ಹಣ, ಒಡವೆ. ಸುಳ್ಳು ಅಪವಾದ ನುಗ್ಗಿದರೆ ಹೋಗುವುದು ಹೆಸರು, ನಿದ್ದೆ, ನೆರೆಹೊರೆಯವರ ನಂಬಿಕೆ. ಹಬ್ಬದ ವಂತಿಗೆಯ ಲೆಕ್ಕ ಬರೆದವನು ಹಣ ನುಂಗಿದನೆಂಬ ಮಾತು ಹುಟ್ಟುತ್ತದೆ. ಗಂಡನಿಲ್ಲದ ಹೆಣ್ಣುಮಗಳು ಕೆಲಸ ಮುಗಿಸಿ ತಡವಾಗಿ ಮನೆಗೆ ಬಂದರೆ ಬೀದಿಯಲ್ಲಿ ಇನ್ನೊಂದು ಮಾತು ಹುಟ್ಟುತ್ತದೆ. ಆಡುವವರಿಗೆ ಅದು ಗಳಿಗೆಯ ಹರಟೆ, ಅನುಭವಿಸುವವರಿಗೆ ಶಿಲುಬೆ. ಜನರ ಮುಖ ನೋಡಲಾರದೆ ಬಲಿಪೂಜೆಗೆ ಬರುವುದನ್ನೇ ಬಿಟ್ಟವರೂ ಉಂಟು. ಇಂಥವರಿಗೆ ನಮ್ಮ ವಿಶ್ವಾಸ ಏನು ಹೇಳುತ್ತದೆ?

ಗರ್ಭಿಣಿಯರ ಪಾಲಕರೆಂದು ನಮ್ಮ ತಾಯಂದಿರು ಮೊರೆಹೋಗುವ ಸಂತ ಜೆರಾರ್ಡ್ ಮಜೆಲ್ಲಾರವರು 1726ರಲ್ಲಿ ಇಟಲಿಯಲ್ಲಿ ಜನಿಸಿದರು. ದರ್ಜಿಯ ಕೆಲಸ ಕಲಿತು, ಮುಂದೆ ಸಂತ ಅಲ್ಫೋನ್ಸ್ ಲಿಗೋರಿಯವರು ಸ್ಥಾಪಿಸಿದ ರಿಡೆಂಪ್ಟರಿಸ್ಟ್ ಸಭೆಯಲ್ಲಿ ಸಹೋದರರಾದರು. ನೇರಿಯ ಎಂಬ ಯುವತಿ ಕನ್ಯಾಮಠ ಸೇರಲು ಅವರೇ ನೆರವಾಗಿದ್ದರು. ಮಠ ಬಿಟ್ಟು ಬಂದ ಆಕೆ 1754ರಲ್ಲಿ, ಜೆರಾರ್ಡರಿಗೆ ಒಬ್ಬ ಹುಡುಗಿಯೊಡನೆ ಅಕ್ರಮ ಸಂಬಂಧವಿದೆಯೆಂದು ದೂರು ಹೊರಿಸಿದಳು. ಉಪಕಾರಕ್ಕೆ ಅಪಕಾರ! ಅಲ್ಫೋನ್ಸರು ಕರೆಸಿ ವಿಚಾರಿಸಿದಾಗ ಜೆರಾರ್ಡರು ಮೌನವಾಗಿದ್ದರು. ಪರಮಪ್ರಸಾದ ಸ್ವೀಕರಿಸುವುದನ್ನೇ ಅವರಿಗೆ ನಿಷೇಧಿಸಲಾಯಿತು. ಪರಮಪ್ರಸಾದವೇ ಪ್ರಾಣವಾಗಿದ್ದ ಆ ಸಹೋದರರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ಆದರೂ ಅವರು ಆಕೆಯನ್ನು ದೂಷಿಸಲಿಲ್ಲ. ಕೆಲಕಾಲದ ನಂತರ ಕಾಯಿಲೆ ಬಿದ್ದ ನೇರಿಯ, ತಾನು ಹೇಳಿದ್ದು ಸುಳ್ಳೆಂದು ಪತ್ರ ಬರೆದು ಒಪ್ಪಿಕೊಂಡಳು. ಜೆರಾರ್ಡರು 1755ರಲ್ಲಿ, ಇನ್ನೂ 29ರ ಪ್ರಾಯದಲ್ಲೇ ದೈವಾಧೀನರಾದರು. 1904ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು.

ಹಾಗಾದರೆ ಕ್ರೈಸ್ತನು ಸದಾ ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ. ತನ್ನನ್ನು ಸಮರ್ಥಿಸಿಕೊಳ್ಳಬಾರದೆಂಬ ಸಭೆಯ ನಿಯಮಕ್ಕೆ ತಲೆಬಾಗಿ ಜೆರಾರ್ಡರು ಸುಮ್ಮನಿದ್ದರು. ಅದು ಎಲ್ಲರಿಗೂ ವಿಧಿಸಿದ ಕಟ್ಟಳೆಯಲ್ಲ. ಯೇಸುಸ್ವಾಮಿ ಪಿಲಾತನ ಮುಂದೆ ದೂರುಗಳಿಗೆ ಉತ್ತರ ಕೊಡಲಿಲ್ಲ (ಮತ್ತಾಯ 27:12-14). ಆದರೆ ವಿಚಾರಣೆಯಲ್ಲಿ ಕಾವಲುಗಾರನು ಕೆನ್ನೆಗೆ ಹೊಡೆದಾಗ, ತಮ್ಮ ಮಾತಿನಲ್ಲಿ ತಪ್ಪೇನಿದೆ ತೋರಿಸೆಂದು ನೇರವಾಗಿ ಕೇಳಿದರು (ಯೊವಾನ್ನ 18:22-23). ಆ ಮೌನವೂ ಈ ಪ್ರಶ್ನೆಯೂ ಹೊರಟಿದ್ದು ಒಂದೇ ಹೃದಯದಿಂದ. ಎರಡರಲ್ಲೂ ದ್ವೇಷವಿರಲಿಲ್ಲ. ನಿಂದೆಯನ್ನು ಸಹಿಸಲು ಮನಸ್ಸು ಸಿದ್ಧವಿರಬೇಕು, ಆದರೆ ನಿಂದಿಸುವವನ ಅಥವಾ ಇತರರ ಒಳಿತಿಗಾಗಿ ಕೆಲವೊಮ್ಮೆ ಉತ್ತರಿಸಲೂ ಬೇಕು ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ.

ಆದ್ದರಿಂದ, ನೋಯುತ್ತಿರುವುದು ನನ್ನ ಹಮ್ಮು ಮಾತ್ರವೇ ಎಂದು ಮೊದಲು ಕೇಳಿಕೊಳ್ಳೋಣ. ಹಾಗಿದ್ದರೆ ಸುಮ್ಮನಿದ್ದುಬಿಡೋಣ. ಮಡದಿ ಮಕ್ಕಳಿಗೆ, ಧರ್ಮಕೇಂದ್ರದ ಒಗ್ಗಟ್ಟಿಗೆ ಪೆಟ್ಟು ಬೀಳುತ್ತಿದ್ದರೆ ಮಾತಾಡೋಣ. ಕೋಪ ಬಿಸಿಯಾಗಿರುವಾಗಲ್ಲ, ಜಪಮಾಲೆ ಹಿಡಿದು ಒಂದು ರಾತ್ರಿ ಕಳೆದ ಮೇಲೆ. ಪ್ರಭು ಕಲಿಸಿದಂತೆ ಮೊದಲು ಆ ವ್ಯಕ್ತಿಯ ಬಳಿಗೇ ಹೋಗೋಣ (ಮತ್ತಾಯ 18:15). ಲೆಕ್ಕದ ಪುಸ್ತಕವಿದ್ದರೆ ತೆರೆದು ತೋರಿಸೋಣ. ಸತ್ಯವನ್ನು ಹೇಳಿ ಅಲ್ಲಿಗೇ ನಿಲ್ಲಿಸೋಣ. ಅವರ ಮನೆಯ ಹಳೆಯ ಕಥೆಯನ್ನು ಕೆದಕಿದರೆ ನಾವೂ ಅದೇ ಪಾಪಕ್ಕೆ ಇಳಿದಂತೆ.

ಕೇಳುವವರಿಗೂ ಹೊಣೆಯುಂಟು. ದೂರಿದವರು ಹಿರಿಯರೆಂಬ ಕಾರಣಕ್ಕೆ ಜನ ಸುಸನ್ನಳಿಗೆ ಮರಣದಂಡನೆ ವಿಧಿಸಿದರು. ಯುವಕ ದಾನಿಯೇಲನು ಆ ಇಬ್ಬರನ್ನು ಬೇರೆ ಬೇರೆಯಾಗಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದಾಗ ಸುಳ್ಳು ಬಯಲಾಯಿತು (ದಾನಿಯೇಲ 13). ಅಂಥ ಒಂದು ಪ್ರಶ್ನೆ ಕೇಳುವ ಧೈರ್ಯ ನಮ್ಮಲ್ಲಿದೆಯೇ? ಇನ್ನು ಸುಳ್ಳು ಹಬ್ಬಿಸಿದವರು ಪಾಪನಿವೇದನೆ ಮಾಡಿದರಷ್ಟೇ ಸಾಲದು. ಕೆಡಿಸಿದ ಹೆಸರನ್ನು ಸಾಧ್ಯವಾದಷ್ಟು ಸರಿಪಡಿಸಬೇಕೆಂಬುದು ಧರ್ಮಸಭೆಯ ಬೋಧನೆ. ನೇರಿಯಳ ಪತ್ರ ಅದಕ್ಕೆ ಮಾದರಿ.

ಸತ್ಯ ಹೇಳಿದ ಮೇಲೂ ಊರ ಬಾಯಿ ಮುಚ್ಚದಿರಬಹುದು. ಆಗ, ತಮ್ಮನ್ನು ನ್ಯಾಯವಂತ ತೀರ್ಪುಗಾರನಿಗೆ ಒಪ್ಪಿಸಿಕೊಟ್ಟ ಕ್ರಿಸ್ತರನ್ನು (1 ಪೇತ್ರ 2:23) ನೆನೆಯೋಣ. ಪ್ರಿಯರೇ, ಅಪವಾದಕ್ಕೆ ಹೆದರಿ ದೇವಾಲಯದ ನಿಮ್ಮ ಸ್ಥಳವನ್ನು ಬಿಟ್ಟುಕೊಡಬೇಡಿ. ಈ ಭಾನುವಾರ ಬನ್ನಿ. ದೂಷಿಸಿದವರ ಹೆಸರನ್ನೂ ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಿ. ನಿಮ್ಮ ಹೆಸರು ದೇವರ ಕೈಯಲ್ಲಿ ಭದ್ರವಾಗಿದೆ.