ಕಳೆಯ ಕೂಲಿ ಮತ್ತು ನ್ಯಾಯದ ಬೆಲೆ

ಕೆಲಸಕ್ಕೆ ಮುಂಚಿತವಾಗಿ ಬೆಲೆ ಕಟ್ಟುವುದು ಲೋಕರೂಢಿ. ಆ ಬೆಲೆ ಯಾವಾಗ ನ್ಯಾಯವಾದುದೆನಿಸುವುದು? ಉಭಯರೂ ಒಪ್ಪಿದರೆ ಸಾಕೆಂಬುದು ವ್ಯವಹಾರದ ಉತ್ತರ. ಶರಣಧರ್ಮಕ್ಕೆ ಅಷ್ಟೇ ಸಾಲದು.

ಘೋಣಸಗಿಯ ಸುತ್ತಲಿನ ತಿಕೋಟಾ ಸೀಮೆ ದ್ರಾಕ್ಷಿತೋಟಗಳ ನಾಡು. ತೋಟದ ಕಸ ತೆಗೆಯುವ ಕೆಲಸಕ್ಕೆ ಬೆಲೆ ಎರಡು ಬಗೆ: ದಿನಗೂಲಿ, ಗುತ್ತಿಗೆ. ದಿನಗೂಲಿಯಲ್ಲಿ ಕೈ ನಿಧಾನಿಸಬಹುದು, ಗುತ್ತಿಗೆಯಲ್ಲಿ ಅವಸರಿಸಬಹುದು. ಕರಿಕೆಯ ಬೇರು ನೆಲದೊಳಗೆ ಹಬ್ಬಿರುವುದು, ಜೇಕಿನ ಗಡ್ಡೆ ಮಣ್ಣಿನಲ್ಲಿ ಅಡಗಿರುವುದು. ಮೇಲೆ ಮೇಲೆ ಸವರಿ ಹೋದರೆ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುವುದು. ಅಷ್ಟರಲ್ಲಿ ಕೂಲಿ ಸಂದಿರುವುದು.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದುಂಟು. ಯಾವ ಸಾಲಿನಲ್ಲಿ ಜೇಕು ದಟ್ಟವಾಗಿದೆಯೆಂಬುದನ್ನು ತೋಟದೊಡೆಯ ಬಲ್ಲ. ಕುರ್ಪಿ ಹಿಡಿದು ಬಂದವಳು ಅರಿಯಳು. ಒಡೆಯ ಮೌನವಾಗಿದ್ದು ಕಡಿಮೆ ಬೆಲೆಗೆ ಒಪ್ಪಿಸಿದರೆ ಎರಡು ದಿನದ ಕೆಲಸ ನಾಲ್ಕು ದಿನಕ್ಕೆ ಬೆಳೆಯುವುದು. ಆಗ ಅವನು ‘ಆಡಿದ ಮಾತು ಮಾತೇ’ ಎನ್ನಬಹುದು. ಮಾತಿಗೆ ತಪ್ಪಬಾರದೆಂಬುದು ನಿಜ. ಆದರೆ ಒಬ್ಬರ ಅರಿಯಮೆಯ ಮೇಲೆ ನಿಂತ ಮಾತು ಅರೆಮಾತು. ಹಸಿವು ಹೇಳಿಸಿದ ಒಪ್ಪಿಗೆಯೂ ಅಂಥದೇ. 1948ರ ಕನಿಷ್ಠ ವೇತನ ಕಾಯಿದೆ ಕೂಲಿಗೊಂದು ಕೆಳಮಿತಿಯನ್ನಿಟ್ಟಿತು. 1976ರ ಸಮಾನ ವೇತನ ಕಾಯಿದೆ ಗಂಡು ಹೆಣ್ಣೆಂಬ ಭೇದವನ್ನು ನಿಷೇಧಿಸಿತು. ಆದರೆ ಒಡೆಯನ ಮೌನವನ್ನು ಅಳೆಯುವ ಕೋಲು ಕಾಯಿದೆಯಲ್ಲಿಲ್ಲ; ಅದು ಅವನ ಅಂತಃಸಾಕ್ಷಿಯಲ್ಲಿದೆ.

ಇದೇ ಜಿಲ್ಲೆಯ ಶಿವಣಗಿಯವರೆಂದು ಹೇಳಲಾಗುವ ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರುತ್ತಿದ್ದರು. ಹಗ್ಗಕ್ಕೆ ಸಲ್ಲುವುದಕ್ಕಿಂತ ಅಧಿಕ ಹೊನ್ನು ಬಂದಾಗ ಅದು ಕಾಯಕದ ಫಲವಲ್ಲವೆಂದು ಒಲ್ಲೆನೆಂದರೆಂಬುದು ಶರಣಕಥೆ. ಮಾರಯ್ಯನವರು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಈ ಕಥೆಗಳನ್ನು ದುಡಿಯುವವರಿಗೆ ಮಾತ್ರ ತೃಪ್ತಿಯ ಪಾಠವಾಗಿ ಹೇಳುವುದುಂಟು, ಅದು ಸಲ್ಲದು. ಹೆಚ್ಚು ಪಡೆದುದು ಹೇಗೆ ತನ್ನದಲ್ಲವೋ, ಹಾಗೆಯೇ ಕಡಿಮೆ ಕೊಟ್ಟು ಉಳಿಸಿಕೊಂಡುದೂ ತನ್ನದಲ್ಲ. ಅಕ್ಕಿಯನ್ನು ಹಿಂದಿರುಗಿಸುವ ಹೊಣೆ ಒಡೆಯನ ಕಣಜಕ್ಕೂ ಉಂಟು.

ಆದುದರಿಂದ ಸದ್ಭಕ್ತರು ಬೆಲೆ ನುಡಿಯುವ ಮುನ್ನ ದುಡಿಯುವವರೊಡನೆ ಸಾಲು ಸಾಲಾಗಿ ನಡೆದು ನೋಡಬೇಕು. ತಾವು ಬಲ್ಲುದನ್ನು ಮರೆಮಾಚಬಾರದು. ನಡುವೆ ಮಳೆ ಸುರಿದು ಕಸ ಹೆಚ್ಚಿದರೆ, ಹಳೆಯ ಮಾತಿನಿಂದ ಯಾರಿಗೆ ಲಾಭವೋ ಅವರೇ ಮೊದಲು ಬಾಯಿ ತೆರೆಯಬೇಕು. ದುಡಿಯುವವರೂ ಕಣ್ಣಿಗೆ ಕಾಣದ ಗಡ್ಡೆಯನ್ನು ಕಂಡಷ್ಟೇ ನಿಷ್ಠೆಯಿಂದ ಕೀಳಬೇಕು. ಇಂಥ ಬೆಲೆಯೇ ಕೊಟ್ಟ ಕೈಗೂ ಕೊಂಡ ಕೈಗೂ ಶುದ್ಧವಾದುದು.