ಫ್ಲಾಪಿ ಡ್ರೈವಿಗೂ ಒಬ್ಬ ನೀರುಗಂಟಿ

ಹಳೇ ಸಾಮಾನನ್ನು ಎಲ್ಲಿಯವರೆಗೆ ಇಟ್ಕೋಬೇಕು ಅನ್ನೋ ಪ್ರಶ್ನೆ ಮನೆಯ ಅಟ್ಟಕ್ಕೆ ಸಂಬಂಧಪಟ್ಟದ್ದಾದರೆ ಉತ್ತರ ಸುಲಭ. ಜಾಗ ಇದ್ದರೆ ಇಡಿ, ಇಲ್ಲದಿದ್ದರೆ ಗುಜರಿಯವನಿಗೆ ಕೊಡಿ. ಆದರೆ ಆ ಸಾಮಾನು ಸಾವಿರಾರು ಜನ ಸೇರಿ ಕಟ್ಟಿದ, ಯಾರೊಬ್ಬರ ಸ್ವಂತದ್ದೂ ಅಲ್ಲದ ಮನೆಯಲ್ಲಿದ್ದರೆ? ಬಳಸುವವರು ಬೆರಳೆಣಿಕೆಯಷ್ಟು ಮಂದಿ, ಒರೆಸಿ ಒಪ್ಪವಾಗಿ ಇಡುವ ಕೆಲಸ ಇನ್ಯಾರದ್ದೋ ಆಗಿದ್ದರೆ? ನಾನು ಹೇಳ್ತಿರೋ ಮನೆ ಲಿನಕ್ಸ್. ಸಾಮಾನು ಫ್ಲಾಪಿ ಡ್ರೈವ್.

ಈಗಿನ ಹುಡುಗರಿಗೆ ಫ್ಲಾಪಿ ಅಂದರೆ ‘ಸೇವ್’ ಬಟನ್ ಮೇಲಿನ ಚಿತ್ರ. ಮೂರೂವರೆ ಇಂಚಿನ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ. ನಿಮ್ಮ ಫೋನಿನ ಒಂದು ಫೋಟೋ ಕೂಡ ಅದರಲ್ಲಿ ಕೂರೋದು ಕಷ್ಟ. ಸೋನಿ ಕಂಪನಿ 2011ರಲ್ಲಿ ಅದನ್ನು ಮಾಡೋದನ್ನೇ ನಿಲ್ಲಿಸಿತು. ಹಾಗಿರುವಾಗ ಅದನ್ನು ಓದುವ ಕೋಡ್ ಇನ್ನೂ ಯಾಕಿರಬೇಕು?

ನನಗೆ ಈ ಪ್ರಶ್ನೆ ಎದುರಾದದ್ದು ನಮ್ಮ ತಾಲೂಕಿನ ಹಳೇ ಮುದ್ರಕರೊಬ್ಬರಿಂದ. ತೊಂಬತ್ತರ ದಶಕದಲ್ಲಿ ಅವರ ಪ್ರೆಸ್ಸಿನಲ್ಲಿ ಮದುವೆ ಕಾಗದದಿಂದ ಹಿಡಿದು ಸ್ಮರಣ ಸಂಚಿಕೆಯವರೆಗೆ ಎಲ್ಲ ಅಚ್ಚಾಗ್ತಿತ್ತು. ಅವರ ಬಳಿ ಒಂದು ಡಬ್ಬ ತುಂಬ ಫ್ಲಾಪಿಗಳಿದ್ದವು. ಅವುಗಳಲ್ಲಿ ಕೆಲವು ಐದೂಕಾಲು ಇಂಚಿನವು, ಬಗ್ಗಿಸಿದರೆ ಬಗ್ಗುವಂಥವು. ಊರೂರು ತಿರುಗಿ ಬೀಸೋ ಪದ, ಸೋಬಾನೆ ಪದ ಬರೆದುಕೊಂಡಿದ್ದ ಮೇಷ್ಟರೊಬ್ಬರ ಸಂಗ್ರಹ ಅವುಗಳಲ್ಲಿತ್ತು. ದುಡ್ಡು ಹೊಂದದೆ ಪುಸ್ತಕ ಆಗಲಿಲ್ಲ. ಮೇಷ್ಟರು ತೀರಿಕೊಂಡರು, ಕೈಬರಹ ಗೆದ್ದಲು ಪಾಲಾಯಿತು. ಹಾಡಿದ ಅಜ್ಜಿಯರಂತೂ ಯಾವತ್ತೋ ಹೋಗಿದ್ದಾರೆ. ಆ ಪದಗಳು ಇದ್ದರೆ ಫ್ಲಾಪಿಯಲ್ಲಿ, ಇಲ್ಲದಿದ್ದರೆ ಎಲ್ಲೂ ಇಲ್ಲ.

ಮೂರೂವರೆ ಇಂಚಿನವಕ್ಕೆ ಯುಎಸ್‌ಬಿ ಡ್ರೈವ್ ಸಿಗುತ್ತೆ. ಐದೂಕಾಲು ಇಂಚಿಗೆ ಅದು ಆಗಲ್ಲ. ಗುಜರಿಯಲ್ಲಿ ಒಂದು ಡ್ರೈವ್ ಹುಡುಕಿದೆ. 34 ಪಿನ್ನಿನ ಫ್ಲಾಪಿ ಕನೆಕ್ಟರ್ ಇರುವ ಕೋರ್ 2 ಡುಯೋ ಕಾಲದ ಮದರ್‌ಬೋರ್ಡ್ ಸ್ನೇಹಿತನ ಮನೆಯಲ್ಲಿ ಸಿಕ್ಕಿತು. ಈ ಕೇಬಲ್ಲಿನ ಮಧ್ಯೆ ಒಂದಷ್ಟು ತಂತಿಗಳನ್ನು ತಿರುಚಿರುತ್ತಾರೆ. ತಿರುಚಿದ ಭಾಗ ದಾಟಿದ ಮೇಲೆ ಸಿಕ್ಕಿಸಿದ ಡ್ರೈವ್ ‘ಎ’ ಆಗುತ್ತೆ. ತಾನು ಯಾರು ಅಂತ ಹೇಳಿಕೊಳ್ಳೋದು ಈ ಡ್ರೈವಿಗೆ ಗೊತ್ತಿಲ್ಲ, ಬಯಾಸ್‌ನಲ್ಲಿ ನಾವೇ 1.2 ಎಂಬಿ ಅಂತ ಬರೆಯಬೇಕು. ಡೆಬಿಯನ್ ಹಾಕಿ ಫ್ಲಾಪಿ ಮಾಡ್ಯೂಲ್ ಲೋಡ್ ಮಾಡಿದೆ. ಗರ್ ಅಂತ ಸದ್ದು ಮಾಡಿಕೊಂಡು ತಿರುಗಿತು! ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಓದಿಸಿದೆ. ಅದು ಮೊದಲು ಚೆನ್ನಾಗಿರುವ ಭಾಗಗಳನ್ನೆಲ್ಲ ನಕಲು ಮಾಡಿಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ನಿಧಾನವಾಗಿ ಕೈಹಾಕುತ್ತೆ. ಮೇಷ್ಟರ ಒಂಬತ್ತು ಫ್ಲಾಪಿಗಳಲ್ಲಿ ಏಳು ಪೂರ್ತಿ ಬಂದವು. ಅಕ್ಷರಗಳು ಯೂನಿಕೋಡ್ ಬರುವ ಮುಂಚಿನ ಫಾಂಟಿನವು. ಅವನ್ನು ಬದಲಾಯಿಸೋ ಕೆಲಸ ಇನ್ನೂ ನಡೀತಿದೆ.

ಈ ಕೆಲಸದಲ್ಲಿ ನಾನು ಒಂದು ಸಾಲೂ ಡ್ರೈವರ್ ಕೋಡ್ ಬರೆಯಲಿಲ್ಲ ಅನ್ನೋದು ಗಮನಿಸಬೇಕಾದ ವಿಷಯ. ಅದು ಅಲ್ಲೇ ಇತ್ತು. ಯಾಕಿತ್ತು?

ಲಿನಸ್ ಟೋರ್ವಾಲ್ಡ್ಸ್ 1991ರ ಆಗಸ್ಟಿನಲ್ಲಿ ತನ್ನ ಹೊಸ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಜಗತ್ತಿಗೆ ಹೇಳಿದಾಗ, ಬಹುಶಃ ಎಟಿ ಹಾರ್ಡ್‌ಡಿಸ್ಕ್ ಬಿಟ್ಟು ಬೇರೇನೂ ಇದರಲ್ಲಿ ನಡೆಯೋದೇ ಇಲ್ಲ ಅಂದಿದ್ದರು. ಕೊಟ್ಟ ಕಾರಣ, ತನ್ನ ಹತ್ತಿರ ಇರೋದು ಅದೊಂದೇ. ಫ್ಲಾಪಿ ಡ್ರೈವರಿನ ಮೊದಲ ರೂಪವನ್ನೂ ಬರೆದದ್ದು ಅವರೇ. 2019ರ ಜುಲೈ ಹೊತ್ತಿಗೆ ಅದನ್ನು ನೋಡಿಕೊಳ್ಳುತ್ತಿದ್ದ ಯಿರಿ ಕೊಸಿನಾ ಅವರ ಬಳಿ ಕೆಲಸ ಮಾಡುವ ಫ್ಲಾಪಿ ಡ್ರೈವೇ ಉಳಿದಿರಲಿಲ್ಲ. ಟೋರ್ವಾಲ್ಡ್ಸ್ ಆ ಡ್ರೈವರಿನ ಮುಂದೆ ‘ಅನಾಥ’ ಅಂತ ಗುರುತು ಹಾಕಿದರು. ಅಳಿಸಲಿಲ್ಲ, ಯಾರಾದರೂ ಮುಂದೆ ಬರ್ತಾರಾ ನೋಡೋಣ ಅಂದರು. ಡೆನಿಸ್ ಎಫ್ರೆಮೊವ್ ಅನ್ನುವವರು ಆಮೇಲೆ ಜವಾಬ್ದಾರಿ ವಹಿಸಿಕೊಂಡರು.

ಇದು ಹಳೇದರ ಮೇಲಿನ ಮೋಹ ಅಂತ ಅಂದುಕೊಳ್ಳಬೇಡಿ. ಲಿನಕ್ಸ್ ಹುಟ್ಟಿದ್ದೇ 386 ಪ್ರೊಸೆಸರ್ ಮೇಲೆ. 2012ರ ಡಿಸೆಂಬರಿನಲ್ಲಿ ಆ 386ನ್ನೇ ಅವರು ಕೈಬಿಟ್ಟರು, ಒಂದಿಷ್ಟೂ ಬೇಜಾರಿಲ್ಲದೆ. ಅದನ್ನು ಉಳಿಸಿಕೊಳ್ಳೋಕೆ ಎಲ್ಲರೂ ತೆರಬೇಕಾಗಿದ್ದ ಶ್ರಮ ಜಾಸ್ತಿಯಾಗಿತ್ತು.

ಹಳೇದನ್ನು ಸುಮ್ಮನೆ ಇರಲಿ ಅಂತ ಬಿಡೋದೂ ಪುಣ್ಯದ ಕೆಲಸ ಅಲ್ಲ. 2015ರಲ್ಲಿ ‘ವೆನಮ್’ ಹೆಸರಿನ ದೋಷವೊಂದು ಸುದ್ದಿಯಾಯಿತು. ಕ್ಯೂಇಎಂಯು ಅನ್ನೋ ತಂತ್ರಾಂಶ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುತ್ತೆ. ಕ್ಲೌಡ್ ಸೇವೆಗಳಿಗೆ ಇಂಥದ್ದೇ ಆಧಾರ. ಅದರ ನಕಲಿ ಫ್ಲಾಪಿ ಕಂಟ್ರೋಲರಿನಲ್ಲಿ 2004ರಿಂದಲೂ ಒಂದು ತೂತಿತ್ತು. ಒಳಗಿನ ಬಾಡಿಗೆದಾರ ಆ ತೂತಿನಿಂದ ಹೊರಬಂದು ಇಡೀ ಯಂತ್ರವನ್ನೇ ಹಿಡಿಯಬಹುದಿತ್ತು. ಫ್ಲಾಪಿ ಅಂದರೇನು ಅಂತಲೂ ಗೊತ್ತಿಲ್ಲದವರ ಮನೆಗೆ ಫ್ಲಾಪಿಯಿಂದ ಕಳ್ಳ ನುಗ್ಗುವ ದಾರಿ! ಯಾರೂ ನೋಡಿಕೊಳ್ಳದ ಹಳೇ ಬಾಗಿಲಿಗಿಂತ ಗೋಡೆ ಕಟ್ಟೋದೇ ವಾಸಿ ಅನ್ನುವವರ ಮಾತಿನಲ್ಲಿ ತೂಕ ಇದೆ.

ಹಾಗಾದರೆ ಉಳಿಸಬೇಕೋ ಬೇಡವೋ?

ನಾನು ಕೆರೆ ಇರುವ ಊರಿನವನು. ತೂಬಿನ ಪಕ್ಕದ ಗದ್ದೆಯವನಿಗೆ ಕಾಲುವೆಯ ಕೊನೆಯ ಭಾಗದಲ್ಲಿ ಹೂಳು ತುಂಬಿದರೆ ನಷ್ಟವಿಲ್ಲ. ಅವನಿಗೆ ನೀರು ಮೊದಲೇ ಸಿಕ್ಕಿರುತ್ತೆ. ಕೊನೆಯ ಗದ್ದೆಗೂ ನೀರು ಮುಟ್ಟುತ್ತಾ ಅಂತ ನೋಡೋಕೆ ನೀರುಗಂಟಿ ಅಂತ ಒಬ್ಬ ಇರ್ತಾನೆ. ಎಲ್ಲರ ಮನೆಯಿಂದ ಅವನಿಗೆ ಸುಗ್ಗಿಯಲ್ಲಿ ಇಷ್ಟು ಅಂತ ಕಾಳು ಸಲ್ಲುತ್ತಿತ್ತು. ಅವನು ದಿನಾ ಏರಿ ಮೇಲೆ, ಕಾಲುವೆ ದಂಡೆ ಮೇಲೆ ನಡೀತಾನೆ. ನಡೆಯದೇ ಇದ್ದರೆ ಕಾಲುವೆ ನಕ್ಷೆಯಲ್ಲಿ ಮಾತ್ರ ಇರುತ್ತೆ. ಕೊನೆಯ ಗದ್ದೆಯವನು ‘ಕಾಲುವೆ ಇದೆಯಲ್ಲ’ ಅಂತ ನಂಬಿ ನಾಟಿ ಹಾಕಿ ಮೋಸ ಹೋಗ್ತಾನೆ.

ಕೋಡ್ ಕೂಡ ಹೀಗೇ. ‘ಇದೆ’ ಅನ್ನೋದು ಬೇರೆ, ‘ನಡೆಯುತ್ತೆ’ ಅನ್ನೋದು ಬೇರೆ. ನಡೆಯುತ್ತೆ ಅಂತ ಹೇಳೋಕೆ ಯಾರದ್ದಾದರೂ ಮೇಜಿನ ಮೇಲೆ ಆ ಡ್ರೈವ್ ಇರಬೇಕು, ಅವರು ಆಗಾಗ ಒಂದು ಫ್ಲಾಪಿ ಹಾಕಿ ನೋಡಬೇಕು. ಡ್ರೈವ್ ಇಲ್ಲದ ನಿರ್ವಾಹಕ ‘ನನ್ನ ಕೈಲಿ ಆಗಲ್ಲ’ ಅಂದರೆ ಅದು ಸೋಲಲ್ಲ, ಪ್ರಾಮಾಣಿಕತೆ. ಸುಮ್ಮನೆ ಹೆಸರು ಉಳಿಸಿಕೊಂಡಿದ್ದರೆ ಅದೇ ಸುಳ್ಳು ಭರವಸೆ.

‘ಸೋರ್ಸ್ ಕೋಡ್ ಬಿಟ್ಟಿ ಸಿಗುತ್ತಲ್ಲ, ಬೇಕಾದವರು ಮಾಡ್ಕೊಳ್ಳಲಿ’ ಅನ್ನೋ ಮಾತು ನಮ್ಮಂಥ ಇಂಜಿನಿಯರುಗಳ ಬಾಯಲ್ಲಿ ಬೇಗ ಬರುತ್ತೆ. ಪರವಾನಗಿಯಲ್ಲೂ ಯಾವ ಖಾತರಿಯೂ ಇಲ್ಲ ಅಂತಲೇ ಬರೆದಿದೆ. ಯಾರೂ ಯಾರಿಗೂ ಸಾಲಗಾರರಲ್ಲ. ಆದರೆ ಎಪ್ಪತ್ತು ದಾಟಿದ ಮುದ್ರಕರಿಗೆ ಸಿ ಭಾಷೆ ಕಲೀರಿ ಅನ್ನೋದು, ಕೊನೆಯ ಗದ್ದೆಯವನಿಗೆ ಬೇರೆ ಕೆರೆ ತೋಡ್ಕೋ ಅಂದಂಗೆ. ಹಾಗಂತ ಎಲ್ಲೋ ದೂರದಲ್ಲಿ, ಸಂಬಳವೂ ಇಲ್ಲದೆ ರಾತ್ರಿ ಹೊತ್ತು ಕೂತು ಕೋಡ್ ತಿದ್ದುವವರಿಗೆ ‘ನೀವು ಮಾಡಲೇಬೇಕು’ ಅನ್ನೋ ಹಕ್ಕು ನಮಗೆ ಎಲ್ಲಿಂದ ಬಂತು?

ಈ ಎರಡರ ನಡುವೆ ನನಗೆ ಕಾಣುವ ನ್ಯಾಯ ಇಷ್ಟೇ. ಹೊಣೆ ಹುಟ್ಟೋದು ವಸ್ತು ಯಾರ ಕೈಯಲ್ಲಿದೆಯೋ ಅಲ್ಲಿ. ಡ್ರೈವ್ ನನ್ನ ಹತ್ತಿರ ಇದೆ, ಕೋಡ್ ಓದೋಕೆ ಬರುತ್ತೆ, ಹಿಂದಿನವರು ಉಳಿಸಿದ್ದರ ಲಾಭ ಉಂಡಿದ್ದೇನೆ. ಈ ಮೂರೂ ಸೇರಿದ ಮೇಲೆ ‘ಇದು ಬೇರೆಯವರ ಕೆಲಸ’ ಅನ್ನೋಕೆ ಬಾಯಿ ಬರಲ್ಲ. ದೊಡ್ಡ ತ್ಯಾಗ ಏನೂ ಬೇಕಿಲ್ಲ. ಹೊಸ ಕರ್ನೆಲ್ ಬಂದಾಗ ಅರ್ಧ ಗಂಟೆ ಕೂತು ಪರೀಕ್ಷಿಸಿ, ಕೆಟ್ಟಿದ್ದರೆ ಕೆಟ್ಟಿದೆ ಅಂತ ತಿಳಿಸಿದರೆ ಸಾಕು. ಯಾರೂ ದೂರದಿದ್ದರೆ ಯಾರಿಗೂ ಬೇಡ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ, ಅದು ಅವರ ತಪ್ಪಲ್ಲ.

ಇದಕ್ಕೆ ಕೊನೆಯೂ ಇದೆ. ಫ್ಲಾಪಿಗಳ ಕಾಂತೀಯ ಪದರ ಉದುರುತ್ತಿದೆ, ಡ್ರೈವಿನ ಬೆಲ್ಟು ಸಡಿಲವಾಗ್ತಿದೆ. ಒಂದು ದಿನ ಓದೋಕೆ ಏನೂ ಉಳಿದಿರಲ್ಲ, ಆವತ್ತು ಆ ಡ್ರೈವರನ್ನು ಅಳಿಸಿದರೆ ನಾನೇ ಸರಿ ಅಂತೀನಿ. ಅಲ್ಲಿಯವರೆಗೆ ನಿಮ್ಮ ಅಟ್ಟದಲ್ಲಿ ಐದೂಕಾಲು ಇಂಚಿನ ಡ್ರೈವ್ ಇದ್ದರೆ ಗುಜರಿಗೆ ಹಾಕುವ ಮುಂಚೆ ನಿಮ್ಮೂರಿನ ಹಳೇ ಪ್ರೆಸ್ಸಿನವರನ್ನು ಒಂದು ಮಾತು ಕೇಳಿ. ಅವರ ಡಬ್ಬದಲ್ಲಿ ಯಾವ ಅಜ್ಜಿಯ ಪದ ಕೂತಿದೆಯೋ ಯಾರಿಗೆ ಗೊತ್ತು.